ಉಳುಕಿಗೆ ಬೇಕಾದ ಕಾಲು

ಮಕ್ಕಳ ಕೈಯಲ್ಲಿರುವ ಇಂಗ್ಲಿಷ್ ಗೈಡುಗಳನ್ನು ಬರೆಯುವವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದರೆ ಕಿವಿ ಹಿಂಡುವ ಆಸೆಯಂತೂ ಇದೆ. ಟ್ವಿಸ್ಟ್ ಅನ್ನುವ ಪದದ ಮುಂದೆ 'ತಿರುಚು' ಎಂದು ಒಂದೇ ಒಂದು ಅರ್ಥ ಬರೆದು ಕೈ ತೊಳೆದುಕೊಂಡಿದ್ದಾರೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಕಂಡಕಂಡಲ್ಲಿ ಹಾಕುತ್ತಾರೆ. ಹಗ್ಗವನ್ನೂ ತಿರುಚುತ್ತಾರೆ, ದೀಪದ ಬತ್ತಿಯನ್ನೂ ತಿರುಚುತ್ತಾರೆ, ಒದ್ದೆ ಬಟ್ಟೆಯನ್ನೂ ತಿರುಚುತ್ತಾರೆ. ಇಂಥ ಗೈಡು ಓದಿ ಪಾಸಾದವರೇ ಮುಂದೆ ಗೈಡು ಬರೆಯುತ್ತಾರೆ ಎಂದು ಕಾಣುತ್ತದೆ.

ನ್ಯಾಮತಿಯ ಹತ್ತಿರದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಆ ದಿನ ಒಂಬತ್ತನೇ ತರಗತಿಯಲ್ಲಿ ಎಲ್ಲರ ಗೈಡು ಮುಚ್ಚಿಸಿದೆ. ಇಂಗ್ಲಿಷಿನವರಿಗೆ ಇದೊಂದು ಪದ ಸಾಕಾಗುತ್ತದೆ, ನಮಗೆ ಸಾಲುವುದಿಲ್ಲ ಎಂದೆ. ನಾವು ಹಗ್ಗ ಹೊಸೆಯುತ್ತೇವೆ, ಬಟ್ಟೆ ಹಿಂಡುತ್ತೇವೆ, ಮೀಸೆ ತಿರುವುತ್ತೇವೆ, ಬಾಟಲಿಯ ಮುಚ್ಚಳ ತಿರುಗಿಸುತ್ತೇವೆ. ನಿಜವಾಗಿ ತಿರುಚುವುದು ಇನ್ನೊಬ್ಬರ ಮಾತನ್ನು. ಅದಕ್ಕೆ ಉದಾಹರಣೆ ಬೇಕಾದರೆ ಮಧ್ಯಾಹ್ನದ ಹೊತ್ತು ನಮ್ಮ ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಕೂತುಕೊಳ್ಳಿ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಕೊನೆಗೆ ಕಾಲಿನ ಸರದಿ. ಪಾಠದ ಹುಡುಗಿ ಓಡುವಾಗ ಬಿದ್ದು ಕಾಲು ಟ್ವಿಸ್ಟ್ ಮಾಡಿಕೊಳ್ಳುತ್ತಾಳೆ. 'ಅವಳು ತನ್ನ ಕಾಲನ್ನು ತಿರುಚಿದಳು' ಎಂದು ಅರ್ಧ ಕ್ಲಾಸು ಬರೆದಿತ್ತು, ಆ ಹುಡುಗಿ ತನ್ನ ಕಾಲಿನ ಮೇಲೇ ಹಗೆ ತೀರಿಸಿಕೊಂಡ ಹಾಗೆ. ನಮ್ಮಲ್ಲಿ ಕಾಲು ಉಳುಕುತ್ತದೆ ಎಂದೆ. ಸೊಂಟ ಉಳುಕುತ್ತದೆ, ಕತ್ತು ಉಳುಕುತ್ತದೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ತುಳಿಸಿಕೊಳ್ಳಬೇಕಂತೆ ಎಂದಳು. ತನ್ನ ಅಜ್ಜಿ ಅಂಥವರನ್ನು ಹುಡುಕಿಸುತ್ತಿದ್ದಾಳಂತೆ, ಈಗ ಎಲ್ಲರೂ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಹೆರುವುದರಿಂದ ಅಂಥವರು ಸಿಗುತ್ತಿಲ್ಲವಂತೆ. ಮಕ್ಕಳೆಲ್ಲ ನಕ್ಕರು. ನಾನು ಬೋರ್ಡಿನ ಕಡೆ ತಿರುಗಿ ಒರೆಸುತ್ತಾ ನಿಂತೆ. ಅಂಥವಳೊಬ್ಬಳು ಅವರ ಮುಂದೆಯೇ ಇದ್ದಾಳೆ ಎಂದು ಹೇಳುವ ಮನಸ್ಸಾಗಲಿಲ್ಲ.

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನಲ್ಲಿ, ಸೊಕ್ಕೆ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ. ಎರಡು ದಿನ ಅವ್ವನನ್ನು ಗೋಳು ಹೊಯ್ದುಕೊಂಡು, ಕಾಲು ಮುಂದಾಗಿ ಹೊರಗೆ ಬಂದೆನಂತೆ. ಅವ್ವ ಬದುಕಿ ಉಳಿದದ್ದೇ ಹೆಚ್ಚು. ಆದರೆ ಊರಿನವರಿಗೆ ಅವ್ವ ಉಳಿದದ್ದು ಸುದ್ದಿಯಲ್ಲ. ಉಳುಕು ತೆಗೆಯುವ ಕಾಲೊಂದು ಊರಿಗೆ ಬಂದದ್ದು ಸುದ್ದಿ. ನಾನು ನೆಟ್ಟಗೆ ನಡೆಯಲು ಕಲಿಯುವುದನ್ನೇ ಕಾದಿದ್ದರು.

ನನಗೆ ನೆನಪಿರುವ ಮೊದಲ ಬೆನ್ನು ದೊಡ್ಡ ಮನೆಯ ಯಜಮಾನನದು. ಶೇಂಗಾ ಚೀಲ ಹೊರುವವರ ಮುಂದೆ ತಾನೂ ಗಂಡಸೇ ಎಂದು ತೋರಿಸಲು ಹೋಗಿ ಸೊಂಟ ಉಳುಕಿಸಿಕೊಂಡಿದ್ದ. ನನಗೆ ಆರೋ ಏಳೋ ವರ್ಷ. ಅವ್ವ ಕೈ ಹಿಡಿದು ಕರೆದುಕೊಂಡು ಹೋದಳು. ಮನೆಯೊಳಗೆ ನಾವು ಹೋಗುವ ಹಾಗಿರಲಿಲ್ಲ, ಆದ್ದರಿಂದ ಅವನೇ ಹಿತ್ತಲ ಕೊಟ್ಟಿಗೆಗೆ ನಡೆದು ಬಂದು ಗೋಣಿಚೀಲದ ಮೇಲೆ ಬೋರಲು ಮಲಗಿದ್ದ. ಆ ಬೆನ್ನು ಅಷ್ಟು ಅಗಲವಾಗಿತ್ತು, ಬಿಳಿಯಾಗಿತ್ತು, ಬಿಸಿಲು ಕಂಡಿರಲಿಲ್ಲ. ಎಡಗಾಲಿನಿಂದ ಮೂರು ಸಲ ತುಳಿಯಬೇಕು, ಎರಡಕ್ಕೆ ನಿಲ್ಲಿಸಿದರೆ ಉಳುಕು ಒಳಗೇ ಕೂತುಬಿಡುತ್ತದೆ ಎಂದು ಎಲ್ಲರೂ ನಂಬಿದ್ದರು. ತುಳಿದೆ. ನಾವು ಇನ್ನೂ ಹಿತ್ತಲು ದಾಟಿರಲಿಲ್ಲ, ಬಚ್ಚಲಲ್ಲಿ ಅವನ ಮೇಲೆ ಕೊಡಗಟ್ಟಲೆ ನೀರು ಸುರಿಯುವ ಸದ್ದು ಕೇಳಿತು.

ನನಗೆ ಈಗಲೂ ಅಸಹ್ಯ ಅನ್ನಿಸುವುದು ಅವನ ಸ್ನಾನವಲ್ಲ. ನಾನು ಆ ದಿನ ಬೀಗಿದ್ದು. ಕೇರಿಯ ಮಕ್ಕಳಿಗೆಲ್ಲ ಕಾಲು ತೋರಿಸಿಕೊಂಡು ತಿರುಗಿದೆ. ಯಾರಿಗೂ ಮುಟ್ಟಲಾಗದ ಯಜಮಾನನನ್ನು ನಾನು ತುಳಿದು ಬಂದಿದ್ದೆ, ಅದೂ ಅವನೇ ಕರೆಸಿ. ಅವ್ವ ರೊಟ್ಟಿ ತಟ್ಟುತ್ತಾ ನನ್ನ ಕುಣಿತ ನೋಡಿ ಹೇಳಿದಳು:

"ನಿನ್ನ ಕಾಲು ಅವ್ರಿಗೆ ಮೈಲಿಗೆ ಅಲ್ಲ ಕಣವ್ವ. ಆ ಕಾಲಿನ ಮ್ಯಾಲೆ ನಿಂತಿದೀಯಲ್ಲ, ನೀನು ಮೈಲಿಗೆ."

ಆಮೇಲೆ ಅಪ್ಪನಿಗೆ ಜಗಳೂರಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಅಲ್ಲಿ ನಾಲ್ಕು ಜನರ ಒಡನಾಟ ಬೆಳೆದು ಅಪ್ಪ ಬೌದ್ಧನಾದ, ನಮ್ಮನ್ನೂ ಮಾಡಿದ. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಬಂದ ದಿನವೇ ತನ್ನ ಮಗಳ ಕಾಲು ಇನ್ನು ಮೇಲೆ ಇಸ್ಕೂಲಿಗೆ ಮಾತ್ರ ಹೋಗುತ್ತದೆ ಎಂದು ಊರಿನವರಿಗೆ ಹೇಳಿ ಕಳಿಸಿದ. ಊರಿನವರು ಬುದ್ಧ ಬಂದದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ಕಾಲು ಹೋದದ್ದಕ್ಕೆ ಮಾಡಿಕೊಂಡರು. ಅಪ್ಪ ಈಗಿಲ್ಲ. ಆ ಕಾಲನ್ನು ಮತ್ತೆ ಯಾರ ಬೆನ್ನಿನ ಮೇಲೂ ಇಡಬಾರದೆಂದು ನಾನೂ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ.

ಕೆಲಸ ಸಿಕ್ಕಿದ ಮೇಲೆ ಚನ್ನಗಿರಿ, ಹೊನ್ನಾಳಿ ಮುಗಿಸಿ ನ್ಯಾಮತಿಗೆ ಬಂದೆ. ಮೂರೂ ಕಡೆ ಬಾಡಿಗೆ ಮನೆ ಹುಡುಕಿದ್ದೇನೆ. ಮನೆ ಕೊಡುವವರ ಜಾಣತನದ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಜಾತಿ ಯಾವುದು ಎಂದು ನೇರವಾಗಿ ಕೇಳುವ ಧೈರ್ಯ ಒಬ್ಬರಿಗೂ ಇರುವುದಿಲ್ಲ. ನಿಮ್ಮ ಮನೆದೇವರು ಯಾವುದು, ಊಟದಲ್ಲಿ ಹೇಗೆ, ನಿಮ್ಮ ಕಡೆಯವರು ಈ ಊರಲ್ಲಿ ಯಾರಿದ್ದಾರೆ ಎಂದು ಸುತ್ತಿ ಬಳಸಿ ಬರುತ್ತಾರೆ. ಉತ್ತರ ಗೊತ್ತಾದ ತಕ್ಷಣ ಅವರ ಅಳಿಯನಿಗೆ ಆ ಮನೆ ಬೇಕಾಗಿಬಿಡುತ್ತದೆ. ಚನ್ನಗಿರಿಯಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಅಳಿಯಂದಿರಿಗೆ ನಾಲ್ಕು ಮನೆ ಬೇಕಾಯಿತು.

ನ್ಯಾಮತಿ ತಾಲ್ಲೂಕಾದ ಮೇಲೆ ಆಫೀಸಿನವರೆಲ್ಲ ಬಂದು ಮನೆಗಳೇ ಸಿಗುತ್ತಿರಲಿಲ್ಲ. ನನಗೆ ಕೆಳಗಿನ ಮನೆಯೇ ಬೇಕಿತ್ತು. ಅವ್ವ ಊರು ಬಿಟ್ಟು ನನ್ನ ಜೊತೆ ಇರಲು ಬಂದಿದ್ದಳು. ಮಂಡಿ ಸವೆದು ಅವಳಿಗೆ ಮೆಟ್ಟಿಲು ಹತ್ತಲಾಗದು, ಇಳಿಯುವುದಂತೂ ಇನ್ನೂ ಕಷ್ಟ. ಗೊಬ್ಬರದ ಅಂಗಡಿ ಇಟ್ಟಿದ್ದ ಒಬ್ಬರ ಮನೆಯ ಪಕ್ಕದಲ್ಲಿ ಅಂಥದ್ದೊಂದು ಖಾಲಿಯಿತ್ತು. ನಲ್ಲಿ ಒಳಗೇ, ಬಾಗಿಲಿಗೆ ಒಂದು ಮೆಟ್ಟಿಲೂ ಇಲ್ಲ, ಮುಂದೆ ಕೂರಲು ಕಟ್ಟೆ. ಯಜಮಾನಿಯೇ ಮಾತಾಡಿದರು. ಐವತ್ತರ ಹೆಂಗಸು, ಮಾತು ಮೆದು. ಎಂದಿನ ಹಾಗೆ ದೇವರಿಂದ ಶುರುವಾಯಿತು. ನಾವು ಬೌದ್ಧರು ಎಂದೆ.

"ಹಂಗಾರೆ ನೀವು ಈರುಳ್ಳಿನೂ ತಿನ್ನಲ್ವೇನ್ರಿ, ಮೇಡಂ?" ಎಂದರು.

ಬೌದ್ಧರು ಎಂದರೆ ಜೈನರ ದಾಯಾದಿಗಳು ಎಂದು ಅವರು ತಿಳಿದುಕೊಂಡಿದ್ದರು. ಅಷ್ಟು ಓದಿಕೊಂಡ ಮನೆ, ಗೋಡೆಯ ತುಂಬ ಮಕ್ಕಳ ಡಿಗ್ರಿ ಫೋಟೊಗಳು. ನಾನು ತಿದ್ದಬಹುದಿತ್ತು. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆಯುವುದೇ ನನ್ನ ಕಸುಬು. ಆದರೆ ಅವ್ವನ ಮಂಡಿ ಕಣ್ಣ ಮುಂದಿತ್ತು, ಸುಮ್ಮನೆ ನಕ್ಕೆ. ನಗುವಿಗೆ ಯಾವ ಅರ್ಥ ಬೇಕಾದರೂ ಹಚ್ಚಬಹುದು. ಅವರು ತಮಗೆ ಬೇಕಾದದ್ದನ್ನು ಹಚ್ಚಿಕೊಂಡು ಬೀಗದ ಕೈ ಕೊಟ್ಟರು. ಅವರ ದಡ್ಡತನವನ್ನು ಎಷ್ಟು ಆಡಿಕೊಂಡರೂ ಆ ಮನೆಗೆ ನಾನು ಹೊಕ್ಕಿದ್ದು ಅದರ ಮೇಲೆ ಕಾಲಿಟ್ಟೇ.

ಒಂದು ವರ್ಷ ಅವ್ವ ಅಲ್ಲಿ ಸುಖವಾಗಿದ್ದಳು. ಯಜಮಾನಿ ಏನಾದರೂ ವಿಶೇಷ ಮಾಡಿದರೆ ನಮಗೆಂದು ಈರುಳ್ಳಿ ಹಾಕದ ಪಲ್ಯ ಬೇರೆ ತೆಗೆದಿಟ್ಟು ಕಳಿಸುತ್ತಿದ್ದರು. ಅವ್ವ ಅದನ್ನು ಅಡುಗೆಮನೆಗೆ ತಂದು, ಕಿಟಕಿ ಹಾಕಿ, ಮೇಲೆ ಹಸಿ ಈರುಳ್ಳಿ ಹೆಚ್ಚಿಕೊಂಡು ತಿನ್ನುತ್ತಿದ್ದಳು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತು ಬೀದಿಯವರನ್ನೆಲ್ಲ ಜಾಲಾಡುತ್ತಿದ್ದರು. ಯಜಮಾನಿ ಅವ್ವನನ್ನು 'ಅಜ್ಜಿ' ಎನ್ನುತ್ತಿದ್ದರು, ಅವ್ವನ ಕೈಯ ಟೀ ಕುಡಿಯುತ್ತಿದ್ದರು. ಅವ್ವ ಅವರನ್ನು 'ಅಮ್ಮಾರೆ' ಎಂದೇ ಕರೆಯುತ್ತಿದ್ದಳು. ಎಷ್ಟು ಹೇಳಿದರೂ ಹಳೇ ರೂಢಿ ಬಿಡಲಿಲ್ಲ.

ಟ್ವಿಸ್ಟ್ ಪದದ ಆ ಪಾಠ ಮಾಡಿ ಒಂದು ವಾರವೂ ಆಗಿರಲಿಲ್ಲ, ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಯಜಮಾನಿಗೆ ಸೊಂಟ ಉಳುಕಿತು. ಶಿವಮೊಗ್ಗದ ಡಾಕ್ಟರ್ ಮಾತ್ರೆ ಕೊಟ್ಟು ಮಲಗಿರಿ ಎಂದಿದ್ದರು. ಅವರಿಗೆ ಮಾತ್ರೆಯ ಮೇಲೆ ನಂಬಿಕೆಯಿಲ್ಲ. ಕಾಲು ಮುಂದಾಗಿ ಹುಟ್ಟಿದವರು ಬೇಕೆಂದು ಊರೆಲ್ಲ ಹುಡುಕಿಸಿದರು. ಸಂತೇಬೆನ್ನೂರಿನ ಕಡೆ ಒಬ್ಬನಿದ್ದಾನೆ, ಆದರೆ ಬೆಳಗ್ಗೆಯೇ ಕುಡಿದಿರುತ್ತಾನೆ, ಬೆನ್ನಿನ ಮೇಲೆ ಕಾಲಿಟ್ಟರೆ ತಾನೇ ಬೀಳುತ್ತಾನೆ ಎಂದು ಸುದ್ದಿ ಬಂತು. ಅವರ ನರಳಾಟ ಕೇಳಲಾರದೆ ಅವ್ವ ಬಾಯಿ ಬಿಟ್ಟಳು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅವರ ನಡುಮನೆಯಲ್ಲಿ ಚಾಪೆ ಹಾಸಿತ್ತು.

ನಾನು ಅವ್ವನ ಮೇಲೆ ಹರಿಹಾಯ್ದೆ. ಇದೆಲ್ಲ ಮೂಢನಂಬಿಕೆ, ಫಿಸಿಯೋಥೆರಪಿ ಮಾಡಿಸಿ ಎಂದು ಯಜಮಾನಿಗೂ ಹೇಳಿದೆ. ಅವರು ಬೋರಲು ಮಲಗಿದ್ದವರು ಮುಖ ಎತ್ತದೆ, ಒಂದೇ ಸಲ ನೋಡೋಣ ಎಂದು ಕೇಳಿಕೊಂಡರು. ಅವ್ವ ಅವರ ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ನೋವಿನಲ್ಲಿರುವವರಿಗೆ ಇಲ್ಲ ಎನ್ನುವುದು ಅವಳಿಗೆ ಗೊತ್ತಿಲ್ಲದ ವಿದ್ಯೆ. ನಾನು ಚಪ್ಪಲಿ ಬಿಟ್ಟೆ, ಎಡಗಾಲು ಇಟ್ಟೆ. ಒಂದು ಸಲ ತುಳಿದೆ. ಎರಡನೇ ಸಲ ತುಳಿದೆ.

ಅಷ್ಟರಲ್ಲಿ ಯಜಮಾನಿ ಹಿತವಾಗಿ ಉಸಿರು ಬಿಟ್ಟು, ನಿಮ್ಮೂರಲ್ಲೂ ಹೀಗೇ ಮಾಡುತ್ತಿದ್ದರಾ ಎಂದು ಕೇಳಿದರು. ಅವ್ವನಿಗೆ ಖುಷಿಯಾಯಿತು. ಮಗಳ ಬಗ್ಗೆ ಯಾರಾದರೂ ಕೇಳಿದರೆ ಅವಳಿಗೆ ಹಿಂದು ಮುಂದು ಇರುವುದಿಲ್ಲ. ದೊಡ್ಡ ಮನೆಯ ಯಜಮಾನನ ಕತೆ ತೆಗೆದಳು.

"ಒಳಗೆ ಎಲ್ಲಿ ಬಿಟ್ಟಾರು, ಅಮ್ಮಾರೆ? ಕೊಟ್ಟಿಗೆಗೇ ಬಂದು ಮಲಗಿದ್ರು. ನಮ್ಮ ಹುಡುಗಿ ತುಳಿದ್ಳು, ಅವ್ರು ಹೋಗಿ ಮೈ ತೊಳ್ಕಂಡ್ರು. ನೀವು ಒಳ್ಳೇರು, ನಡುಮನೆಗೇ ಕರ್ದ್ರಿ."

ನನ್ನ ಪಾದದ ಕೆಳಗೆ ಆ ಬೆನ್ನು ಬಿಗಿದುಕೊಂಡಿತು. ಮುಖ ನೋಡುವ ಅಗತ್ಯವೇ ಇರಲಿಲ್ಲ. ಇಷ್ಟು ವರ್ಷ ಮನೆ ಕೊಡುವವರ ಮುಖಗಳಲ್ಲಿ ನೋಡಿದ್ದನ್ನೆಲ್ಲ ಆ ದಿನ ಅಂಗಾಲಿನಿಂದ ತಿಳಿದುಕೊಂಡೆ. ನಾನು ಕಾಲು ತೆಗೆಯಲು ಹೋದೆ. ಆಗ ಯಜಮಾನಿ ಚಾಪೆಗೆ ಮುಖ ಒತ್ತಿಕೊಂಡೇ ಹೇಳಿದರು:

"ಇನ್ನೊಂದು ಸಲ ಬಾಕಿ ಐತಲ್ರಿ, ಮೇಡಂ. ಮುಗಿಸಿಬಿಡ್ರಿ. ಅರ್ಧಕ್ಕೆ ಬಿಡಬಾರ್ದಂತೆ."

ನಾನು ಮುಗಿಸಿದೆ. ಯಾಕೆ ಮುಗಿಸಿದೆ ಎಂದು ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಮುಗಿಸಿದರೆ ಮನೆ ಉಳಿದೀತು ಎಂಬ ಹೀನ ಆಸೆ ಎಲ್ಲೋ ಒಳಗೆ ಇತ್ತು. ಅವರು ಎದ್ದು ಸೊಂಟ ನೇರ ಮಾಡಿದರು, ನೋವು ಬಿಟ್ಟಿದೆ ಎಂದರು. ಮಾತ್ರೆಯಿಂದ ಬಿಟ್ಟಿತೋ ಕಾಲಿನಿಂದಲೋ, ಅಂತೂ ನಡೆದುಕೊಂಡೇ ಬಚ್ಚಲಿಗೆ ಹೋದರು. ನಾವು ನಮ್ಮ ಬಾಗಿಲು ತೆಗೆಯುವಾಗ ಗೋಡೆಯ ಆಚೆ ನೀರಿನ ಸದ್ದು ಕೇಳುತ್ತಿತ್ತು. ಅವ್ವ ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಮರುದಿನ ಬೆಳಗ್ಗೆ ಅವರ ಗಂಡ ಗೇಟಿನ ಆಚೆಯೇ ನಿಂತು ಮಾತಾಡಿದರು. ಅವರ ತಮ್ಮನಿಗೆ ನ್ಯಾಮತಿಗೆ ವರ್ಗವಾಗಿದೆಯಂತೆ, ಹದಿನೈದು ದಿನದಲ್ಲಿ ಮನೆ ಬೇಕಂತೆ. ಮಾತು ತಿರುಚುವುದರಲ್ಲೂ ಹೊಸತೇನಿಲ್ಲ, ಅಳಿಯ ಹೋಗಿ ತಮ್ಮ ಬಂದಿದ್ದ, ಅಷ್ಟೇ. ಇನ್ನೊಂದು ಕೆಳಗಿನ ಮನೆ ಸಿಗುವವರೆಗೆ ಟೈಮ್ ಕೊಡಿ, ಅವ್ವನಿಗೆ ಮೆಟ್ಟಿಲು ಆಗುವುದಿಲ್ಲ ಎಂದು ಕೇಳಿಕೊಂಡೆ. ನೋಡೋಣ ಎಂದರು. ನೋಡಲಿಲ್ಲ. ಆ ತಮ್ಮ ಇವತ್ತಿನವರೆಗೂ ಬಂದಿಲ್ಲ, ಮನೆಗೆ ಬೀಗ ಬಿದ್ದಿದೆ.

ನಮಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಕಡೆ ಒಂದು ಅಂಗಡಿಯ ಮೇಲಿನ ಮನೆ. ಹದಿನೆಂಟು ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ, ಒಬ್ಬರು ಇಳಿಯುವಾಗ ಇನ್ನೊಬ್ಬರು ಗೋಡೆಗೆ ಒರಗಬೇಕು. ಸಾಮಾನು ಸಾಗಿಸಿದ ದಿನ ಇಬ್ಬರು ಸೇರಿ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತರು. ಆಮೇಲೆ ಅವಳು ಎರಡು ತಿಂಗಳು ಕೆಳಗೆ ಇಳಿಯಲಿಲ್ಲ. ಕಟ್ಟೆಯಿಲ್ಲ, ಮಾತಿಗೆ ಯಾರೂ ಇಲ್ಲ. ಮೇಲಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಬಸ್ಸಿಗೆ ಓಡುವವರ ನೆತ್ತಿ ನೋಡುತ್ತಾ ಕೂರುತ್ತಿದ್ದಳು. ತಾನೇ ಬಾಯಿ ಬಿಟ್ಟು ಮನೆ ಕಳೆದೆ ಎಂದು ಒಂದು ದಿನ ಅತ್ತಳು. ಆ ಮನೆಯವರ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಹೀಗಿರುವಾಗ ಯಜಮಾನಿಯ ಫೋನ್ ಬಂತು. ಸೊಂಟ ಮತ್ತೆ ಉಳುಕಿದೆ, ಸಂಜೆ ಹಿತ್ತಲ ಕಡೆಯಿಂದ ಒಂದು ಐದು ನಿಮಿಷ ಬಂದು ಹೋಗುತ್ತೀರಾ ಎಂದು ಕೇಳಿದರು. ಮನೆ ಬಿಡಿಸಿದ ಬಾಯಲ್ಲಿ ಅದೇ ಮೆದು ಮಾತು. ಬರುವುದಿಲ್ಲ ಎಂದು ಫೋನ್ ಇಟ್ಟೆ. ಅವರು ಸುಮ್ಮನಾಗುತ್ತಾರೆ ಎಂದುಕೊಂಡದ್ದು ನನ್ನ ತಪ್ಪು. ಬೇಕಾದಾಗ ಇಂಥವರಿಗೆ ನಾಚಿಕೆ ಅನ್ನುವುದು ಇರುವುದಿಲ್ಲ.

ಮಾರನೇ ದಿನ ಸ್ಕೂಲು ಮುಗಿಸಿ ಬಂದಾಗ ಅವರು ನಮ್ಮ ಮೆಟ್ಟಿಲ ಮೇಲೆ ಸಿಕ್ಕಿಕೊಂಡಿದ್ದರು. ಕೆಳಗೆ ಆಟೊ ನಿಂತಿತ್ತು. ಅರ್ಧ ಹತ್ತಿ, ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ, ಮೇಲಿನ ಮೆಟ್ಟಿಲಿಗೆ ಕೈಯೂರಿ ಬಗ್ಗಿ ಕೂತಿದ್ದರು. ಮುಖದ ತುಂಬ ಬೆವರು. ಮೇಲೆ ಬಾಗಿಲಲ್ಲಿ ಅವ್ವ. ನನ್ನನ್ನು ಕಂಡು ಯಜಮಾನಿ ಬೆನ್ನು ತಿರುಗಿಸಿ ಸ್ವಲ್ಪ ಬಗ್ಗಿಸಿದರು. ನಾನು ಇಲ್ಲೇ, ಈ ಮೆಟ್ಟಿಲ ಮೇಲೇ ತುಳಿದು ಕೊಡುತ್ತೇನೆ ಎಂದು ಅವರು ನಂಬಿದ್ದರು.

ನಾನು ಸೀರೆಯನ್ನು ಒತ್ತಿ ಹಿಡಿದುಕೊಂಡೆ, ಅದರ ಅಂಚೂ ಅವರಿಗೆ ತಾಗದ ಹಾಗೆ. ಗೋಡೆಗೆ ಮೈ ಹತ್ತಿಸಿ ಅವರನ್ನು ದಾಟಿ ಮೇಲೆ ಹೋದೆ. ನನ್ನ ಇಡೀ ಜನ್ಮದಲ್ಲಿ ಅಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ.

ಅವ್ವ ಎಲ್ಲವನ್ನೂ ನೋಡಿದ್ದಳು. "ಚೆನ್ನಾಗಿ ಕಲ್ತಿದೀಯ," ಎಂದಳು, "ಅವ್ರ ಹತ್ರಾನೇ." ಒಳಗೆ ಹೋಗಿ ಒಂದು ಚೊಂಬು ನೀರು ತಂದಳು. ಬಾಗಿಲಲ್ಲಿ ಕೂತು, ಕಾಲು ಕೆಳಗೆ ಬಿಟ್ಟು, ಕೂತ ಹಾಗೆಯೇ ಒಂದೊಂದು ಮೆಟ್ಟಿಲು ಜಾರಿ ಇಳಿಯಲು ಶುರು ಮಾಡಿದಳು. ಪ್ರತಿ ಮೆಟ್ಟಿಲಿಗೂ ಚೊಂಬನ್ನು ಮೊದಲು ಕೆಳಗೆ ಇಡುವುದು, ಆಮೇಲೆ ತಾನು ಇಳಿಯುವುದು. ಬೇಡ ಎಂದು ನಾನು ಕೂಗಿದರೂ ಕೇಳಲಿಲ್ಲ. ಯಜಮಾನಿಯ ಪಕ್ಕಕ್ಕೆ ಹೋಗಿ ಕೂತು ಚೊಂಬು ಮುಂದೆ ಹಿಡಿದಳು.

"ಬಾಯಾರಿಕೆ ಇಲ್ಲ, ಅಜ್ಜಿ," ಎಂದರು ಯಜಮಾನಿ. ಅವರ ತುಟಿ ಒಣಗಿ ಬಿಳಿಚಿಕೊಂಡಿತ್ತು.

ಅವ್ವ ಚೊಂಬನ್ನು ಹಾಗೆಯೇ ಹಿಡಿದಿದ್ದಳು. ಆಮೇಲೆ ಆ ನೀರನ್ನು ತಾನೇ ಕುಡಿದಳು, ಅವರ ಎದುರಿಗೇ, ನಿಧಾನವಾಗಿ, ಪೂರ್ತಿ. ಸೆರಗಿನಿಂದ ಬಾಯಿ ಒರೆಸಿಕೊಂಡು ಮೇಲೆ ನೋಡಿ ನನ್ನನ್ನು ಕರೆದಳು. ಏಳಲು ಅವಳಿಗೆ ಆಗುತ್ತಿರಲಿಲ್ಲ. ನಾನು ಇಳಿದು ಹೋಗಿ, ಕಂಕುಳಿಗೆ ಕೈ ಹಾಕಿ ಅವಳನ್ನು ಎತ್ತಿದೆ, ಎದೆಗೆ ಒರಗಿಸಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿಸತೊಡಗಿದೆ. ಯಜಮಾನಿ ಗೋಡೆಯ ಕಡೆ ಸರಿದು, ಮುದುಡಿಕೊಂಡು, ನಮಗೆ ದಾರಿ ಬಿಟ್ಟರು.